ಸಂಡೂರಿನ ಗುಡ್ಡಗಳಿಗೆ ಎರಡು ಚಕ್ಕುಬಂದಿ

ಹೊಲದ ಕಾಗದ ನೋಡಿದವರಿಗೆಲ್ಲ ಚಕ್ಕುಬಂದಿ ಗೊತ್ತು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಗುಡ್ಡ ಎಂದು ನಾಲ್ಕು ದಿಕ್ಕಿನ ಗಡಿಯನ್ನು ಅದರಲ್ಲಿ ಬರೆದಿರುತ್ತಾರೆ. ಸಂಡೂರಿನ ಕಾಡು-ಗುಡ್ಡಗಳಿಗೆ ಇಂಥ ಚಕ್ಕುಬಂದಿ ಎರಡಿವೆ. ಒಂದು ಜನರ ಬಾಯಲ್ಲಿರುವುದು. ಅದರಲ್ಲಿ ದೇವರ ಗುಡಿ, ರಾಕ್ಷಸನ ಕಥೆ, ಸತ್ತ ವೀರನ ಕೋಟೆ ಗಡಿಕಲ್ಲುಗಳಾಗಿವೆ. ಇನ್ನೊಂದು ಗುತ್ತಿಗೆ ಕಾಗದದಲ್ಲಿರುವುದು. ಅದರಲ್ಲಿ ಎಕರೆ, ಹೆಕ್ಟೇರ್, ಬ್ಲಾಕ್ ನಂಬರ್ ಇವೆ. ಈ ಗುಡ್ಡಗಳ ಚರಿತ್ರೆಯನ್ನು ಎರಡನೆಯ ಕಾಗದ ಒಂದನ್ನೇ ಇಟ್ಟುಕೊಂಡು ಬರೆಯುವುದು ರೂಢಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬೇರೆಯದೇ ಕಥೆ ಕಾಣುತ್ತದೆ.

ಮೊದಲು ನೆಲ ನೋಡೋಣ. ಹೊಸಪೇಟೆ, ಹಂಪಿ, ಕಂಪ್ಲಿಯ ಕಡೆ ಬೋಳು ಬಂಡೆಗಳ ಬೆಟ್ಟ, ಕೆಳಗೆ ತುಂಗಭದ್ರೆಯ ನೀರಿನಲ್ಲಿ ಬೆಳೆದ ಬತ್ತ, ಬಾಳೆ, ಕಬ್ಬು. ಅಲ್ಲಿಂದ ಸಂಡೂರಿನ ದಾರಿ ಹಿಡಿದರೆ ಬಂಡೆ ಮರೆಯಾಗಿ ಕೆಂಪು ಮಣ್ಣಿನ, ಮರ ಹೊದ್ದ ಉದ್ದನೆಯ ಗುಡ್ಡದ ಸಾಲುಗಳು ಎದುರಾಗುತ್ತವೆ. ಭೂವಿಜ್ಞಾನಿಗಳು ಇದರ ಶಿಲೆಗಳ ವಯಸ್ಸನ್ನು ಸುಮಾರು 270 ಕೋಟಿ ವರ್ಷ ಎನ್ನುತ್ತಾರೆ. ಸಾಲುಗಳ ನಡುವೆ ಸಂಡೂರಿನ ಕಣಿವೆ. ಈ ಸಾಲುಗಳನ್ನು ಸೀಳಿಕೊಂಡು ಓಬಳಗಂಡಿ, ಭೀಮಗಂಡಿ ಎಂಬ ಇಕ್ಕಟ್ಟಾದ ಗಂಡಿಗಳಿವೆ. ಗುಡ್ಡದ ಮೇಲೆ ಬಿದ್ದ ಮಳೆ ನಾರಿಹಳ್ಳವಾಗಿ ಹರಿದು ದರೋಜಿ ಕೆರೆ ಸೇರುತ್ತದೆ. ಅಂದರೆ ಸಂಡೂರಿನ ಗುಡ್ಡದಲ್ಲಿ ಮರ ಕಡಿದರೆ ಅದರ ಲೆಕ್ಕ ಕೆಳಗಿನ ಕೆರೆಯ ಹೂಳಿನಲ್ಲಿ ಸಿಗುತ್ತದೆ. ಅದೇ ದರೋಜಿಯ ಬಳಿಯ ಕುರುಚಲು ಕಾಡಿನಲ್ಲಿ 1994ರಲ್ಲಿ ಕರಡಿಧಾಮವಾಯಿತು. ನೀರು, ಕರಡಿ, ಕಾಡು ಇವಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಳ್ಳ ಮಾತ್ರ ಮೊದಲಿನ ದಾರಿಯಲ್ಲೇ ಹರಿಯುತ್ತಿದೆ.

ಜನರ ಚಕ್ಕುಬಂದಿಯ ಮೊದಲ ಕಲ್ಲು ಕುಮಾರಸ್ವಾಮಿ. ಗುಡ್ಡದ ಮೇಲೆ, ಕಾಡಿನ ನಡುವೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಅದರ ಪಕ್ಕದಲ್ಲಿ ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿ ಗುಡಿ ಇವೆ. ತಾರಕಾಸುರನನ್ನು ಕೊಂದ ಸ್ವಾಮಿ ಬಂದು ನಿಂತ ಕ್ರೌಂಚಗಿರಿ ಇದೇ ಎಂದು ಇಲ್ಲಿಯವರ ನಂಬಿಕೆ. ಈ ಗುಡ್ಡದ ಬಿಳಿ ಮಣ್ಣೇ ಭಕ್ತರಿಗೆ ವಿಭೂತಿ. ಮೂರು ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ದೊಡ್ಡ ಜಾತ್ರೆ. ಇದನ್ನು ಬರೀ ಪುರಾಣ ಎಂದು ಪಕ್ಕಕ್ಕಿಡುವ ಮೊದಲು ಒಂದು ಮಾತು ಯೋಚಿಸಿ: ಮಣ್ಣೇ ಪ್ರಸಾದವಾದ ಕಡೆ ಹಾರೆ ಎತ್ತುವ ಮೊದಲು ಕೈ ಒಮ್ಮೆ ತಡೆಯುತ್ತದೆ.

ಎರಡನೆಯ ಕಲ್ಲು ಕುಮಾರರಾಮ. ಕಂಪ್ಲಿಯ ಹೆಸರನ್ನೇ ಹೊತ್ತ ಕಂಪಿಲಿ ರಾಜ್ಯದ ರಾಜಕುಮಾರ ಇವನು. ದೆಹಲಿಯ ಸುಲ್ತಾನನ ವಿರುದ್ಧ ಬಂಡೆದ್ದ ಬಹಾವುದ್ದೀನನಿಗೆ ಆಶ್ರಯ ಕೊಟ್ಟದ್ದಕ್ಕೆ 1327ರ ಹೊತ್ತಿಗೆ ತುಘಲಕ್ ಸೈನ್ಯಕ್ಕೆ ಸಿಕ್ಕು ಆ ರಾಜ್ಯ ಅಳಿಯಿತು. ಅದಾಗಿ ಹತ್ತು ವರ್ಷದೊಳಗೆ ವಿಜಯನಗರ ತಲೆಯೆತ್ತಿತು. ಕಂಪಿಲರಾಯನ ಹೊಸಮಲೆದುರ್ಗವನ್ನು ಇತಿಹಾಸಕಾರರು ಸಂಡೂರಿನ ಇಂದಿನ ರಾಮಗಡದಲ್ಲಿ ಗುರುತಿಸುತ್ತಾರೆ. ರಾಜ್ಯ ಬಾಳಿದ್ದು ಕೆಲವೇ ದಶಕ, ಕಥೆ ಬಾಳಿದ್ದು ಏಳು ಶತಮಾನ. ಅದನ್ನು ಬಾಳಿಸಿದವರಲ್ಲಿ ಬುಡ್ಗ ಜಂಗಮರ ದರೋಜಿ ಈರಮ್ಮನವರು ಒಬ್ಬರು. ಅಕ್ಷರ ಕಲಿಯದ ಅವರು ಕುಮಾರರಾಮನ ಕಾವ್ಯವನ್ನು ರಾತ್ರಿಗಟ್ಟಲೆ ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬುರ್ರಕಥೆಯ ಕಲಾವಿದೆ ಎಂದು ಬರೆದವು. ಅವರನ್ನು ಈ ಸೀಮೆಯ ದೊಡ್ಡ ದಾಖಲೆ ಕಚೇರಿ ಎಂದರೂ ತಪ್ಪಾಗುತ್ತಿರಲಿಲ್ಲ.

ಈಗ ಕಾಗದದ ಚಕ್ಕುಬಂದಿಗೆ ಬರೋಣ. 18ನೇ ಶತಮಾನದಿಂದ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಸುತ್ತ ಬ್ರಿಟಿಷರ ಬಳ್ಳಾರಿ ಜಿಲ್ಲೆ. 1840ರ ದಶಕದಲ್ಲಿ ಬಳ್ಳಾರಿ ದಂಡಿನ ಸೈನಿಕರು ಬೇಸಿಗೆಯಲ್ಲಿ ಸುಧಾರಿಸಿಕೊಳ್ಳಲು ರಾಮಗಡದ ನೆತ್ತಿಯಲ್ಲಿ ಬಂಗಲೆಗಳೆದ್ದವು. ಕುಮಾರರಾಮನ ಕೋಟೆ ಕಾಗದದಲ್ಲಿ ಆರೋಗ್ಯಧಾಮವಾಯಿತು. 1882ರಲ್ಲಿ ಸಂಸ್ಥಾನದ ಕಾಡನ್ನು ಮದ್ರಾಸ್ ಸರ್ಕಾರ 25 ವರ್ಷದ ಗುತ್ತಿಗೆಗೆ ಪಡೆಯಿತು. ಕಾಡಿಗೆ ಬಾಡಿಗೆ ಎಂಬುದು ಈ ಗುಡ್ಡಗಳಿಗೆ ಅಂಟಿದ್ದು ಹೀಗೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯನ್ನು ಸುತ್ತಿ ಬರೆದ ವರದಿ 1895ರಲ್ಲಿ ಬಂತು. ಗುಡ್ಡದ ಹೊಟ್ಟೆಯೊಳಗೆ ಏನಿದೆ ಎಂಬುದು ಆ ಮೇಲೆ ಗುಟ್ಟಾಗಿ ಉಳಿಯಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಹೊರಗಿನ ಕಂಪನಿ ಬಂದು ಮ್ಯಾಂಗನೀಸ್ ಅಗೆಯಿತು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಸೇರಿತು. 1954ರಲ್ಲಿ ಘೋರ್ಪಡೆ ಮನೆತನದ ಗಣಿ ಕಂಪನಿ ಹುಟ್ಟಿತು. 1970ರ ದಶಕದಲ್ಲಿ ಕೇಂದ್ರ ಸರ್ಕಾರದ ಎನ್‌ಎಂಡಿಸಿ ದೋಣಿಮಲೆಯಲ್ಲಿ ಕಬ್ಬಿಣದ ಅದಿರು ತೆಗೆಯತೊಡಗಿತು. ಅದೇ ದಶಕದಲ್ಲಿ, 1973ರಲ್ಲಿ, ಇನಾಂ ಜಮೀನು ಉಳುವವರಿಗೆ ಸಿಗಬೇಕೆಂದು ಸಮಾಜವಾದಿಗಳ ಮುಂದಾಳತ್ವದಲ್ಲಿ ಸಂಡೂರಿನ ರೈತರು ಬೀದಿಗಿಳಿದರು. ನೆಲ ಯಾರದು ಎಂಬ ಪ್ರಶ್ನೆ ಇಲ್ಲಿ ಗಣಿ ಗಲಾಟೆಯಿಂದ ಶುರುವಾದದ್ದಲ್ಲ.

ಈ ಕಾಗದಗಳಲ್ಲಿ ಗುಡ್ಡದ ಹೆಸರುಗಳು ಏನಾದವು ಎಂದು ಗಮನಿಸಬೇಕು. ಅರಣ್ಯ ಬ್ಲಾಕ್‌ಗಳ ಪಟ್ಟಿಯಲ್ಲಿ ರಾಮಗಡ, ಸ್ವಾಮಿಮಲೈ, ದೋಣಿಮಲೆ ಇವೆ. ಇವುಗಳ ಜೊತೆಗೆ ಈಶಾನ್ಯ ಬ್ಲಾಕ್ ಎಂಬುದೂ ಇದೆ. ಇಂಗ್ಲಿಷಿನ ಮೂರು ಅಕ್ಷರದಲ್ಲಿ ಎನ್‌ಇಬಿ. ದಿಕ್ಕೇ ಹೆಸರಾದ ಆ ಕಾಡಿನ ಕಥೆ ಕಾಗದಕ್ಕೆ ಬರಲೇ ಇಲ್ಲ. ಹೆಸರು ಉಳಿಸಿಕೊಂಡ ಗುಡ್ಡಗಳಾದರೂ ಉಳಿದವೇ? ರಾಮಗಡದಲ್ಲೂ ಅಗೆದರು, ಸ್ವಾಮಿಮಲೈಯಲ್ಲೂ ಅಗೆದರು. ದೇವರ ಹೆಸರಿದ್ದರೆ ಕಾಡು ತಾನಾಗಿಯೇ ಉಳಿಯುತ್ತದೆ ಎಂದು ನಂಬುವುದಕ್ಕೆ ಸಂಡೂರು ಅವಕಾಶ ಕೊಡುವುದಿಲ್ಲ.

2000ದ ನಂತರ ಚೀನಾ ಅದಿರಿಗೆ ಬೆಲೆ ಕೊಟ್ಟಾಗ ಏನಾಯಿತು ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಹಗಲು ರಾತ್ರಿ ಲಾರಿ, ಹೊಲದ ಮೇಲೆ ಕೆಂಧೂಳು, ಬಾಡಿಗೆಗೆ ಹೋದ ಪಟ್ಟಾ ಜಮೀನು. ಆ ಕಾಲವನ್ನು ಅರ್ಥ ಮಾಡಿಕೊಳ್ಳಲು ಒಂದೇ ಘಟನೆ ಸಾಕು. ಸಂಡೂರು ತಾಲ್ಲೂಕಿನ ತುಮಟಿ ಬಳಿ, ಕರ್ನಾಟಕ-ಆಂಧ್ರ ಗಡಿಯಲ್ಲಿ ಸುಗ್ಗಲಮ್ಮನ ಹಳೆಯ ಗುಡಿಯಿತ್ತು. ಅದು ಪೂಜೆಯ ಜಾಗವೂ ಹೌದು, ಎರಡು ರಾಜ್ಯಗಳ ಗಡಿಯ ಗುರುತೂ ಹೌದು. 2006ರಲ್ಲಿ ಅದನ್ನು ಸ್ಫೋಟಿಸಿ ಕೆಡವಲಾಯಿತು. ಗುಡಿ ಹೋದಾಗ ಗಡಿಯ ಸಾಕ್ಷಿಯೂ ಹೋಯಿತು. ಮುಂದೆ ಈ ಗಡಿ ಎಲ್ಲಿದೆ ಎಂಬುದೇ ನ್ಯಾಯಾಲಯದ ವಿಷಯವಾಗಿ, ಅಳೆಯಲು ಸರ್ವೆ ಆಫ್ ಇಂಡಿಯಾ ಬರಬೇಕಾಯಿತು. ಜನರ ಚಕ್ಕುಬಂದಿ ಬರೀ ಭಕ್ತಿಯಲ್ಲ, ಅದು ದಾಖಲೆ. ದಾಖಲೆ ಬೇಡವಾದವರಿಗೆ ಅದು ಮೊದಲೇ ಅರ್ಥವಾಗಿತ್ತು.

ನಂತರ ಕಾಗದವೇ ಕಾಗದವನ್ನು ಹಿಡಿಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು 2008 ಮತ್ತು 2011ರಲ್ಲಿ ಬಂದವು. 2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಬಿತ್ತು. ಪ್ರತಿ ಗುತ್ತಿಗೆಯ ಗಡಿಯನ್ನು ಮತ್ತೆ ಅಳೆದು, ಮೀರಿದ್ದೆಷ್ಟು ಎಂಬ ಲೆಕ್ಕದ ಮೇಲೆ ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವುಗಳಿಗೆ ವರ್ಷಕ್ಕೆ ಇಷ್ಟೇ ಟನ್ ಎಂಬ ಮಿತಿ ಬಂತು. ಇದು ದೊಡ್ಡ ಗೆಲುವು. ಆದರೆ ಆಗ ಅಳೆದದ್ದು ಗುತ್ತಿಗೆಯ ಗಡಿಯನ್ನು. ಗುತ್ತಿಗೆಯೊಳಗೇ ಇದ್ದ ಕಾಡಿಗೆ, ದಾರಿಗೆ, ಗುಡಿಗೆ ಆ ಟೇಪು ತಾಗಲಿಲ್ಲ.

ಪಕ್ಕದ ಹಂಪಿಗೆ ಹೋಲಿಸಿ ನೋಡಿ. 1986ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. 2002ರ ಕಾಯ್ದೆಯಿಂದ ಪ್ರಾಧಿಕಾರ ಬಂತು. 29 ಹಳ್ಳಿ, ಸುಮಾರು 236 ಚದರ ಕಿಲೋಮೀಟರ್ ನಕ್ಷೆಯೊಳಗೆ ಸೇರಿತು. ಆ ನಿಯಮಗಳಿಂದ ಹಂಪಿಯ ಜನಕ್ಕೂ ತೊಂದರೆಯಾದದ್ದುಂಟು, ಆ ಮಾತು ಬೇರೆ. ಆದರೆ ಅಲ್ಲಿ ರಾಮಾಯಣದ ಕಿಷ್ಕಿಂಧೆಯ ಕಥೆ, ವಿಜಯನಗರದ ಕಲ್ಲು, ಸರ್ಕಾರದ ನಕ್ಷೆ ಮೂರೂ ಒಂದೇ ಜಾಗದಲ್ಲಿ ಕೂಡಿದವು. ಸಂಡೂರಿನಲ್ಲಿ ಕಥೆ ಒಂದು ಕಡೆ, ನಕ್ಷೆ ಇನ್ನೊಂದು ಕಡೆ.

ಈ ಅಂತರ ಇವತ್ತಿಗೂ ಇದೆ. 2024ರ ಜೂನ್‌ನಲ್ಲಿ ದೇವದಾರಿ ಗುಡ್ಡದ ಗಣಿ ಯೋಜನೆ ಸುದ್ದಿಗೆ ಬಂತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದಲ್ಲಿ ಗಣಿ ನಿಲ್ಲಿಸಿದ ಕೆಐಒಸಿಎಲ್ ಕಂಪನಿಗೇ ಇಲ್ಲಿ ಗುತ್ತಿಗೆ. ಬೇಕಾದ ಅರಣ್ಯ ಸುಮಾರು 401 ಹೆಕ್ಟೇರ್, ಕಡಿಯಬೇಕಾದ ಮರ 99,330. ಕುದುರೆಮುಖದ ಹಳೆಯ ಬಾಕಿಗಳನ್ನು ತೀರಿಸುವವರೆಗೆ ಜಮೀನು ಹಸ್ತಾಂತರಿಸಬಾರದು ಎಂದು ರಾಜ್ಯದ ಅರಣ್ಯ ಸಚಿವರು ಇಲಾಖೆಗೆ ಸೂಚಿಸಿದರು. ಮರಗಳನ್ನು ಬಿಡಿಯಾಗಿ, ಒಂದೂ ಬಿಡದೆ ಎಣಿಸಿದ್ದಾರೆ. ಅವುಗಳ ಕೆಳಗಿನ ಒರತೆ, ದನದ ದಾರಿ, ಜಾತ್ರೆಯ ಕಾಲುದಾರಿ, ಗಾಳೆಮ್ಮ-ದುರುಗಮ್ಮರ ಕಟ್ಟೆಗಳನ್ನು ಎಣಿಸುವ ಕಾಲಂ ಆ ಪಟ್ಟಿಯಲ್ಲಿಲ್ಲ.

ಅಂಥ ಕಾಲಂ ಬೇರೊಂದು ಕಾನೂನಿನಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಯಾವುದನ್ನು ಸಾಕ್ಷಿಯೆಂದು ಒಪ್ಪಬೇಕು ಎಂದು ಪಟ್ಟಿ ಮಾಡಿವೆ. ಅರ್ಜಿದಾರರಲ್ಲದ ಊರ ಹಿರಿಯರ ಬರೆದುಕೊಂಡ ಹೇಳಿಕೆ ಅದರಲ್ಲಿ ಒಂದು. ಪವಿತ್ರ ಮರ, ದೇವರ ಕಾಡು, ಹೊಂಡ, ಸ್ಮಶಾನ ಇವೂ ಸಮುದಾಯದ ಹಕ್ಕಿಗೆ ಸಾಕ್ಷಿ. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿಯಿದ್ದು, ಊರಿನ ಗಿಡ-ಪ್ರಾಣಿಗಳ ಜೊತೆಗೆ ಜನರ ತಿಳಿವಳಿಕೆಯನ್ನೂ ದಾಖಲಿಸಬೇಕು. ಅಜ್ಜಿ ಹೇಳುವ ಗುಡ್ಡದ ಕಥೆಗೆ ಕಾನೂನಿನಲ್ಲೇ ಜಾಗವಿದೆ ಎಂದಾಯಿತು. ಹೇಳಿಸಿಕೊಂಡು, ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಬೇಕು, ಅಷ್ಟೇ.

ನಮ್ಮಂತೆ ಹಳ್ಳಿಗಳಲ್ಲಿ ಸುದ್ದಿ ಹುಡುಕುವವರು ಜಾನಪದವನ್ನು ಹಬ್ಬದ ಪುರವಣಿಗೆ, ಗಣಿಯನ್ನು ಮುಖಪುಟಕ್ಕೆ ಎಂದು ಬೇರೆ ಮಾಡಿಟ್ಟಿದ್ದೇವೆ. ಸುಗ್ಗಲಮ್ಮನ ಗುಡಿಯ ವಿಷಯದಲ್ಲಿ ಅವೆರಡೂ ಒಂದೇ ಸುದ್ದಿಯಾಗಿದ್ದವು. ನಿಮ್ಮ ಊರಿನ ಗುಡ್ಡದ ಮೇಲೂ ಅಂಥ ಕಲ್ಲೊಂದು ಇರಬಹುದು. ಅದು ಯಾವ ದೇವರದು, ಅದರ ಆಚೆ ಯಾರ ಸೀಮೆ, ಈಚೆ ಯಾರ ಸೀಮೆ ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ದರೋಜಿ ಈರಮ್ಮನವರ ನೆನಪಿನಲ್ಲಿದ್ದುದರಲ್ಲಿ ನಮಗೆ ಸಿಕ್ಕಿದ್ದು, ಅವರು ಬದುಕಿದ್ದಾಗ ಕೂತು ಬರೆದುಕೊಂಡಷ್ಟು ಮತ್ತು ಧ್ವನಿಮುದ್ರಿಸಿಕೊಂಡಷ್ಟು ಮಾತ್ರ.