ಪಂಚಾಶತ್ತಮ: ಐವತ್ತನೆಯ ದಿನದ ಹಬ್ಬ

ಕನ್ನಡ ಬೈಬಲನ್ನು ತಿರುವಿ ನೋಡಿದವರಿಗೆ 'ಪಂಚಾಶತ್ತಮ' ಎಂಬ ಗಡಸು ಶಬ್ದವೊಂದು ಎದುರಾಗಿರುತ್ತದೆ. ಜಗಳೂರಿನಲ್ಲಿ ನನ್ನ ಬಳಿ ಓದಿದ ವಿದ್ಯಾರ್ಥಿಯೊಬ್ಬರು ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಇದು ನಮ್ಮ ಪಂಚಾಂಗದ ಶಬ್ದದಂತಿದೆಯಲ್ಲ ಸಾರ್, ಕ್ರೈಸ್ತರ ಹಬ್ಬಕ್ಕೆ ಹೇಗೆ ಬಂತು?" ಎಂದು ಕೇಳಿದರು. ಚರಿತ್ರೆಯ ಮೇಷ್ಟರಿಗೆ ಇಷ್ಟು ನೆಪ ಸಾಕಲ್ಲವೇ! ದೂರವಾಣಿಯಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಶಬ್ದದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಗ್ರೀಕ್ ಭಾಷೆಯಲ್ಲಿ 'ಪೆಂಟೆಕೋಸ್ಟೆ' ಎಂದರೆ ಐವತ್ತನೆಯದು. ಗ್ರೀಕಿನ 'ಪೆಂಟೆ'ಯೂ ಸಂಸ್ಕೃತದ 'ಪಂಚ'ವೂ ಒಂದೇ ಮೂಲದ ದಾಯಾದಿಗಳು. ಆದಕಾರಣ ಕನ್ನಡದ ಅನುವಾದಕರು ಸಂಸ್ಕೃತದ 'ಪಂಚಾಶತ್' ಶಬ್ದವನ್ನು ಹಿಡಿದಾಗ, ಗ್ರೀಕ್ ಶಬ್ದದ ಅಣ್ಣತಮ್ಮನನ್ನೇ ಕರೆತಂದಂತಾಯಿತು. ಆದರೆ ಹಬ್ಬ ಗ್ರೀಕರದಲ್ಲ. ಅದು ಯೆಹೂದ್ಯರದು, ಅದಕ್ಕಿಂತಲೂ ಹಿಂದಕ್ಕೆ ಹೋದರೆ, ಗೋಧಿ ಬೆಳೆದ ಒಕ್ಕಲಿನದು.

ಪ್ರಾಚೀನ ಇಸ್ರಾಯೇಲಿನಲ್ಲಿ ವರ್ಷಕ್ಕೆ ಮೂರು ಯಾತ್ರೆಯ ಹಬ್ಬಗಳಿದ್ದವು. ವಸಂತದಲ್ಲಿ ಪಸ್ಕ, ಅನಂತರ ವಾರಗಳ ಹಬ್ಬ, ಶರತ್ಕಾಲದಲ್ಲಿ ಪರ್ಣಶಾಲೆಗಳ ಹಬ್ಬ. ಪಸ್ಕದ ಸಮಯದಲ್ಲಿ ಜವೆಗೋಧಿಯ ಮೊದಲ ಸಿವುಡನ್ನು ದೇವರ ಮುಂದೆ ತಂದೊಪ್ಪಿಸಬೇಕು. ಆ ದಿನದಿಂದ ಏಳು ವಾರ ಎಣಿಸಿ, ಐವತ್ತನೆಯ ದಿನ ಗೋಧಿಯ ಹೊಸ ಹಿಟ್ಟಿನಿಂದ ಮಾಡಿದ ಎರಡು ರೊಟ್ಟಿಗಳನ್ನು ಅರ್ಪಿಸಬೇಕು. ಪಸ್ಕದಲ್ಲಿ ಹುಳಿಹಿಟ್ಟು ಮನೆಯೊಳಗೇ ಇರಕೂಡದು. ಈ ಎರಡು ರೊಟ್ಟಿಗಳಿಗಾದರೋ ಹುಳಿ ಸೇರಿಸಲೇಬೇಕು. ಒಕ್ಕಲುಮಕ್ಕಳು ದಿನನಿತ್ಯ ಉಣ್ಣುವ ರೊಟ್ಟಿಯೇ ಅಂದು ನೈವೇದ್ಯ. ವಾರಗಳನ್ನು ಎಣಿಸುವುದರಿಂದಲೇ ಅದಕ್ಕೆ ಹೀಬ್ರೂ ಭಾಷೆಯಲ್ಲಿ 'ಶಾವೂಓತ್', ಅಂದರೆ ವಾರಗಳು, ಎಂಬ ಹೆಸರು. ಎಣಿಕೆ ಯಾವ ದಿನದಿಂದ ಆರಂಭವಾಗಬೇಕೆಂಬ ವಿಷಯದಲ್ಲಿ ಪಂಡಿತರೊಳಗೆ ದೊಡ್ಡ ಜಗಳವೇ ನಡೆದಿತ್ತು. ಪಂಚಾಂಗದ ಜಗಳಗಳು ನಮ್ಮಲ್ಲಿ ಮಾತ್ರವೇ ಇವೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಜೆರುಸಲೇಮಿಗೆ ಪ್ರಥಮ ಫಲಗಳನ್ನು ಒಯ್ಯುತ್ತಿದ್ದ ಮೆರವಣಿಗೆಯ ವರ್ಣನೆ 'ಮಿಶ್ನಾ' ಎಂಬ ಯೆಹೂದ್ಯ ಸಂಹಿತೆಯಲ್ಲಿದೆ. ಅದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡದ್ದು. ಮುಂದೆ ಒಂದು ಎತ್ತು; ಅದರ ಕೊಂಬಿಗೆ ಚಿನ್ನದ ಲೇಪ, ತಲೆಗೆ ಆಲಿವ್ ಎಲೆಗಳ ಕಿರೀಟ; ಜೊತೆಯಲ್ಲಿ ಕೊಳಲಿನವರು. ಓದುವಾಗ ನನ್ನ ಕಣ್ಣೆದುರಿಗೆ ಬಂದದ್ದು ಹೊನ್ನಾಳಿ ಸೀಮೆಯ ಕಾರಹುಣ್ಣಿಮೆಯೇ. ಕೊಂಬಿಗೆ ಬಣ್ಣ, ಕೊಮ್ಮೆಣಸು, ಜೂಲು, ಕೊರಳಲ್ಲಿ ಗೆಜ್ಜೆ, ಹಿಂದೆ ಹಲಗೆಯ ಸದ್ದು. ಇವೆರಡಕ್ಕೂ ಚಾರಿತ್ರಿಕ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಎತ್ತಿನ ಋಣದಲ್ಲಿ ಬದುಕಿದವರಿಗೆ ತೋಚುವುದು ಎಲ್ಲೆಡೆ ಒಂದೇ ಬಗೆಯದಿರಬೇಕು. ಮೆರವಣಿಗೆ ದೇವಾಲಯದ ಗುಡ್ಡ ಮುಟ್ಟಿದ ಮೇಲೆ ಅಗ್ರಿಪ್ಪ ರಾಜನೂ ತನ್ನ ಬುಟ್ಟಿಯನ್ನು ತಾನೇ ಹೆಗಲ ಮೇಲೆ ಹೊತ್ತು ಒಳಗೆ ಹೋಗುತ್ತಿದ್ದನಂತೆ.

ಅದೇ ಗ್ರಂಥದ ಇನ್ನೊಂದು ಸಂಗತಿಯನ್ನು, ವಿಶೇಷವಾಗಿ ನನ್ನ ವಿದ್ಯಾರ್ಥಿಗಳಲ್ಲಿ ಶಿಕ್ಷಕರಾಗಿರುವವರ ಸಲುವಾಗಿ, ಹೇಳಲೇಬೇಕು. ಬುಟ್ಟಿ ತಂದವನು ಯಾಜಕನ ಮುಂದೆ ಒಂದು ಪಾಠವನ್ನು ಒಪ್ಪಿಸಬೇಕಾಗಿತ್ತು. ತನ್ನ ಪೂರ್ವಿಕನು ಅಲೆಮಾರಿಯಾಗಿದ್ದುದು, ಈಜಿಪ್ಟಿನಲ್ಲಿ ಜೀತ ಮಾಡಿದ್ದು, ಬಿಡುಗಡೆಯಾಗಿ ಈ ನೆಲಕ್ಕೆ ಬಂದದ್ದು, ಇವೇ ಆ ಪಾಠದ ವಿಷಯ. ಮೊದಮೊದಲು ಬಲ್ಲವರು ತಾವಾಗಿಯೇ ಹೇಳುತ್ತಿದ್ದರು, ಬಾರದವರಿಗೆ ಇನ್ನೊಬ್ಬರು ಹೇಳಿಕೊಡುತ್ತಿದ್ದರು. ಇದರಿಂದ ನಾಚಿದ ಅನಕ್ಷರಸ್ಥರು ಬರುವುದನ್ನೇ ನಿಲ್ಲಿಸಿದರು. ಆಗ ಹಿರಿಯರು, ಬಲ್ಲವನಿರಲಿ ಬಾರದವನಿರಲಿ, ಎಲ್ಲರಿಗೂ ಹೇಳಿಕೊಟ್ಟೇ ಹೇಳಿಸತಕ್ಕದ್ದೆಂದು ನಿಯಮ ಮಾಡಿದರು. ತರಬೇತಿ ಕಾಲೇಜಿನಲ್ಲಿ ನಾವು ಓದಿದ ಬೋಧನಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇದಕ್ಕಿಂತ ಸೂಕ್ಷ್ಮವಾದ ಮಾತನ್ನು ನಾನು ಕಂಡಿಲ್ಲ. ಆದರೆ ಬಡವನಿಗೆ ಸಂಬಂಧಿಸಿದ ಮತ್ತೊಂದು ಕಟ್ಟಳೆ ಅಷ್ಟು ಹಿತವಾಗಿಲ್ಲ. ಸಿರಿವಂತರ ಬೆಳ್ಳಿ ಬಂಗಾರದ ಬುಟ್ಟಿಗಳನ್ನು ಅವರಿಗೆ ಹಿಂದಿರುಗಿಸುತ್ತಿದ್ದರು. ಬಡವರ ಬೆತ್ತದ ಬುಟ್ಟಿಯಾದರೋ ಹಣ್ಣಿನೊಂದಿಗೆ ಯಾಜಕರ ಪಾಲಾಗುತ್ತಿತ್ತು!

ಈ ಹಬ್ಬದ ದಿನ ಯೆಹೂದ್ಯರು ಓದುವ ಗ್ರಂಥ ರೂತಳ ಕಥೆ. ರೂತ್ ಪರದೇಶದವಳು, ಮೋವಾಬಿನವಳು, ಗಂಡನನ್ನು ಕಳೆದುಕೊಂಡವಳು. ಅತ್ತೆಯೊಡನೆ ಬೆತ್ಲೆಹೇಮಿಗೆ ಬಂದು, ಕೊಯ್ಲುಗಾರರ ಹಿಂದೆ ಹಕ್ಕಲು ಆಯ್ದು ಹೊಟ್ಟೆ ಹೊರೆದಳು. ಮುಂದೆ ಆ ಹೊಲದ ಒಡೆಯನಾದ ಬೋವಜನನ್ನು ಮದುವೆಯಾದಳು. ದಾವೀದ ರಾಜನಿಗೆ ಮುತ್ತಜ್ಜಿಯಾದಳು. ಕೊಯ್ಯುವಾಗ ಹೊಲದ ಅಂಚನ್ನು ಬಿಡಬೇಕು, ಉದುರಿದ ತೆನೆಯನ್ನು ಎತ್ತಿಕೊಳ್ಳಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂಬ ಆಜ್ಞೆ ವಾರಗಳ ಹಬ್ಬದ ವಿಧಿಗೆ ಅಂಟಿಕೊಂಡೇ ಬರುತ್ತದೆ. ಪೂಜಾವಿಧಿಯ ನಡುವೆ ಹಕ್ಕಲಿನ ಮಾತೇಕೆ? ಹಕ್ಕಲು ಬಿಡದೆ ಕೊಯ್ದ ಬೆಳೆಯ ರೊಟ್ಟಿ ನೈವೇದ್ಯಕ್ಕೆ ಸಲ್ಲದೆಂಬುದು ಅದರ ಇಂಗಿತವೆಂದು ನಾನು ತಿಳಿದಿದ್ದೇನೆ. ಮಿಶ್ನಾದ ಪಂಡಿತರು ಇದನ್ನು ಎಷ್ಟು ಕೂಲಂಕಷವಾಗಿ ಚರ್ಚಿಸಿದರೆಂದರೆ, ಹೊಲದ ಅಂಚಿನ ಪಾಲು ಅರವತ್ತರಲ್ಲಿ ಒಂದಕ್ಕಿಂತ ಕಡಿಮೆಯಿರಬಾರದೆಂದರು. ಒಂದೆಡೆ ಎರಡು ತೆನೆ ಬಿದ್ದರೆ ಹಕ್ಕಲು, ಮೂರು ಬಿದ್ದರೆ ಅಲ್ಲ ಎಂದರು. ಇರುವೆಗೂಡಿನಲ್ಲಿ ಸಿಕ್ಕಿದ ಕಾಳು ಯಾರದೆಂಬ ಪ್ರಶ್ನೆಯನ್ನೂ ಬಿಡಲಿಲ್ಲ. ಸಂಶಯವಿದ್ದಲ್ಲಿ ಬಡವನಿಗೇ ಸೇರಲಿ ಎಂದರು ಮೇಯಿರ್ ಎಂಬ ಗುರುಗಳು.

ನಮ್ಮ ಕಡೆಯವರಿಗೆ ಹಕ್ಕಲು ಎಂದರೇನೆಂದು ವಿವರಿಸಬೇಕಾಗಿರಲಿಲ್ಲ. ಈಗಿನ ಮಕ್ಕಳಿಗೆ ವಿವರಿಸಬೇಕು. ಭದ್ರಾ ನಾಲೆಯ ನೀರು ಕಂಡ ಚನ್ನಗಿರಿ, ಹೊನ್ನಾಳಿಯ ಗದ್ದೆಗಳಲ್ಲಿ ಭತ್ತ ಕೊಯ್ದು ಹೊರೆ ಸಾಗಿಸಿದ ಮೇಲೆ, ಬೇಸಾಯವಿಲ್ಲದ ಮನೆಗಳ ಹೆಂಗಸರೂ ಮಕ್ಕಳೂ ಉಡಿಯೊಡ್ಡಿ ತೆನೆ ಆಯುತ್ತಿದ್ದರು. ಜಗಳೂರಿನ ಕೆಂಪು ನೆಲದಲ್ಲಿ ಶೇಂಗಾ ಕಿತ್ತ ನಂತರ ಉಳಿದ ಕಾಯಿಗಳನ್ನು ಕೆದಕಿ ಆಯುತ್ತಿದ್ದರು. ನಾನು ಹೊನ್ನಾಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಸುಗ್ಗಿಯ ಹದಿನೈದು ದಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೇ ಹೆಚ್ಚು. ಒಂದು ವರ್ಷ ಜಮೀನುದಾರರೊಬ್ಬರು ಶಾಲೆಗೇ ಬಂದು, ಮಕ್ಕಳು ಭತ್ತ ಕದ್ದಿದ್ದಾರೆ, ಶಿಕ್ಷಿಸಿ ಎಂದು ಪಟ್ಟು ಹಿಡಿದರು. ಆರನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಕೇಳಿದೆ. ಅವಳು ತಲೆಯೆತ್ತಿ, "ಬಿದ್ದಿದ್ದು ಸಾರ್, ಕಿತ್ತಿದ್ದಲ್ಲ" ಎಂದಳು. ಜೊತೆಯಲ್ಲಿ ಬಂದಿದ್ದ ವೃದ್ಧ ರೈತರೊಬ್ಬರು, "ಬಿದ್ದದ್ದಕ್ಕೆ ಒಡೆಯ ಎಲ್ಲಿಂದ ಬಂದ, ಏಳ್ರಿ ಮನೆಗೆ" ಎಂದು ಆ ಜಮೀನುದಾರರನ್ನು ಎಬ್ಬಿಸಿಕೊಂಡು ಹೋದರು. ಆ ವೃದ್ಧರು ಮಿಶ್ನಾದ ಹೆಸರನ್ನು ಕೇಳಿದವರಲ್ಲ.

ಹಕ್ಕಲಿಗೂ ಹಕ್ಕಿಗೂ ವ್ಯುತ್ಪತ್ತಿಯ ಸಂಬಂಧವಿಲ್ಲವೆಂಬುದನ್ನು ಇಲ್ಲೇ ಸೂಚಿಸುತ್ತೇನೆ. 'ಹಕ್ಕು' ಅರಬ್ಬಿಯಿಂದ ಬಂದದ್ದು, 'ಹಕ್ಕಲು' ಕನ್ನಡದ್ದೇ. ಆದರೂ ಮೋಶೆಯ ಧರ್ಮಶಾಸ್ತ್ರದಲ್ಲಿ ಹಕ್ಕಲು ದಾನವಲ್ಲ, ಹಕ್ಕೇ. ಯಾರಿಗೆ ಕೊಡಬೇಕೆಂದು ಆರಿಸುವ ಅಧಿಕಾರ ಹೊಲದ ಒಡೆಯನಿಗಿಲ್ಲ. ನಮ್ಮ ಕಣದಲ್ಲಿ ರಾಶಿಪೂಜೆಯಾದ ಮೇಲೆ ಆಯಗಾರರಿಗೆ ಅಳೆದು ಕೊಡುತ್ತಿದ್ದುದೂ ಹಕ್ಕೇ ಆಗಿತ್ತು. ಆದರೆ ಅದು ಕಸುಬಿಗೂ ಜಾತಿಗೂ ಕಟ್ಟಿದ ಹಕ್ಕು. ಊರಿಗೆ ಹೊಸದಾಗಿ ಬಂದ ಪರದೇಶಿಗೆ ಅದರಲ್ಲಿ ಪಾಲಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಈಗ ಭತ್ತದ ಗದ್ದೆಗೆ ಕಟಾವಿನ ಯಂತ್ರ ಬಂದಿದೆ. ಕೊಯ್ಲು, ಒಕ್ಕಣೆ ಎರಡೂ ಒಂದೇ ಓಟಕ್ಕೆ ಮುಗಿಯುತ್ತವೆ. ಯಂತ್ರದಿಂದ ಉದುರುವುದು ಬಿಡಿ ಕಾಳು, ತೆನೆಯಲ್ಲ. ಅದನ್ನು ಉಡಿಗೆ ಆಯ್ದುಕೊಳ್ಳಲಾಗದು.

ಇರಲಿ, ಮುಂದಿನ ಚರಿತ್ರೆಗೆ ಬರೋಣ. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡಿದರು. ಬುಟ್ಟಿ ಒಯ್ಯುವುದಕ್ಕೆ ಸ್ಥಳವೇ ಇಲ್ಲದಂತಾಯಿತು. ಜನರು ದೇಶದೇಶಗಳಿಗೆ ಚದುರಿದರು, ಹೊಲವಿಲ್ಲದವರಿಗೆ ಸುಗ್ಗಿಯೆಲ್ಲಿ? ಆದರೂ ಹಬ್ಬ ಸಾಯಲಿಲ್ಲ. ಈಜಿಪ್ಟಿನಿಂದ ಹೊರಟ ಜನರಿಗೆ ಮೂರನೆಯ ತಿಂಗಳಲ್ಲಿ ಸೀನಾಯಿ ಬೆಟ್ಟದ ಮೇಲೆ ಧರ್ಮಶಾಸ್ತ್ರ ದೊರೆಯಿತೆಂಬ ಕಥನವಿತ್ತು. ಹಬ್ಬಕ್ಕೂ ದೇವರ ಒಡಂಬಡಿಕೆಗೂ ನಂಟು ಕಲ್ಪಿಸುವ ಪರಿಪಾಠ ದೇವಾಲಯವಿದ್ದ ಕಾಲದಲ್ಲಿಯೇ ಮೊದಲಾಗಿತ್ತು. ಈಗ ಅದೇ ಪ್ರಧಾನವಾಯಿತು. ಗೋಧಿಯ ಹಬ್ಬ ಗ್ರಂಥದ ಹಬ್ಬವಾಯಿತು. ಇಂದಿಗೂ ಯೆಹೂದ್ಯರು ಆ ರಾತ್ರಿ ಜಾಗರಣೆ ಮಾಡಿ ಶಾಸ್ತ್ರ ಓದುತ್ತಾರೆ, ಹಾಲಿನ ತಿನಿಸು ಮಾಡುತ್ತಾರೆ, ಹಸಿರು ಎಲೆಗಳಿಂದ ಪ್ರಾರ್ಥನಾಲಯವನ್ನು ಅಲಂಕರಿಸುತ್ತಾರೆ.

ಕ್ರೈಸ್ತರ ಕಥೆ ನಡೆಯುವುದು ದೇವಾಲಯ ಇನ್ನೂ ನಿಂತಿದ್ದ ಕಾಲದಲ್ಲಿ. ಯೇಸುವನ್ನು ಶಿಲುಬೆಗೇರಿಸಿದ್ದು ಪಸ್ಕದ ಸಂದರ್ಭದಲ್ಲಿ. ಆತನು ಪುನರುತ್ಥಾನ ಹೊಂದಿದನೆಂದು ನಂಬಿದ ಶಿಷ್ಯರು ಐವತ್ತನೆಯ ದಿನ ಜೆರುಸಲೇಮಿನಲ್ಲಿ ಒಟ್ಟಾಗಿ ಕುಳಿತಿದ್ದಾಗ, ಬಿರುಗಾಳಿಯಂಥ ಸದ್ದಾಗಿ, ಬೆಂಕಿಯ ನಾಲಗೆಗಳಂತೆ ಪವಿತ್ರಾತ್ಮವು ಅವರ ಮೇಲೆ ಇಳಿಯಿತೆಂದು 'ಅಪೊಸ್ತಲರ ಕೃತ್ಯಗಳು' ಗ್ರಂಥದ ಎರಡನೆಯ ಅಧ್ಯಾಯ ಹೇಳುತ್ತದೆ. ಅವರ ಮಾತನ್ನು ಪಾರ್ಥಿಯ, ಮೆಸೊಪೊಟೇಮಿಯ, ಈಜಿಪ್ಟ್, ಲಿಬಿಯ, ರೋಮ್, ಅರೇಬಿಯಗಳಿಂದ ಬಂದವರು ತಂತಮ್ಮ ಹುಟ್ಟುಭಾಷೆಯಲ್ಲಿ ಕೇಳಿದರಂತೆ. ಕುಡಿದಿದ್ದಾರೆ ಎಂದು ಕೆಲವರು ಹಾಸ್ಯ ಮಾಡಿದರು. ಬೆಳಗಿನ ಒಂಬತ್ತು ಗಂಟೆಗೆ ಯಾರಪ್ಪ ಕುಡಿಯುತ್ತಾರೆ ಎಂಬರ್ಥದ ಉತ್ತರ ಪೇತ್ರನದು. ಅಂದು ಸುಮಾರು 3000 ಮಂದಿ ದೀಕ್ಷಾಸ್ನಾನ ಪಡೆದರೆನ್ನುತ್ತದೆ ಗ್ರಂಥ. ಇಷ್ಟು ದೇಶಗಳ ಜನ ಆ ದಿನ ಅಲ್ಲಿ ಏಕಿದ್ದರು? ವಾರಗಳ ಹಬ್ಬದ ಯಾತ್ರೆಯ ದಿನ ಅದಾಗಿತ್ತಾದ್ದರಿಂದ. ಯೆಹೂದ್ಯರ ಹಬ್ಬವನ್ನು ಬದಿಗಿಟ್ಟರೆ ಕ್ರೈಸ್ತರ ಈ ಕಥೆಯಲ್ಲಿ ಕೇಳುಗರೇ ಇರುವುದಿಲ್ಲ.

ಸಂತ ಪೌಲನು ಕ್ರಿಸ್ತನನ್ನು ಸತ್ತವರೊಳಗಿಂದ ಎದ್ದ 'ಪ್ರಥಮ ಫಲ' ಎಂದು ಕರೆಯುವುದೂ ಹೊಲದಿಂದ ಬಂದ ಮಾತೇ. ಮೊದಲ ಸಿವುಡು ಬಂತೆಂದರೆ ಮಿಕ್ಕ ಬೆಳೆ ಹಿಂದೆಯೇ ಬರುತ್ತದೆಂಬುದು ಅದರ ತಾತ್ಪರ್ಯ. ಈ ದಿನವನ್ನು ಸಭೆಯ ಹುಟ್ಟುಹಬ್ಬವೆಂದು ಕ್ರೈಸ್ತರು ಆಚರಿಸುತ್ತಾರೆ. ಬಾಬೆಲಿನ ಗೋಪುರದಲ್ಲಿ ಚದುರಿದ ಭಾಷೆಗಳು ಇಲ್ಲಿ ಮತ್ತೆ ಕೂಡಿದವೆಂದು ಅವರ ಹಿಂದಿನ ಆಚಾರ್ಯರು ವ್ಯಾಖ್ಯಾನಿಸಿದ್ದಾರೆ. ನನಗೆ ಮುಖ್ಯವಾಗಿ ತೋರುವುದು ಬೇರೆ: ಅಲ್ಲಿ ಎಲ್ಲರ ಭಾಷೆ ಒಂದಾಗಲಿಲ್ಲ, ಅವರವರ ಭಾಷೆ ಅವರವರಿಗೆ ಉಳಿಯಿತು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿಗೆ ನ್ಯಾಮತಿಯಲ್ಲೂ ಜಗಳೂರಿನಲ್ಲೂ ಕನ್ನಡದಲ್ಲಿ ಚರಿತ್ರೆ ಕಲಿಸಿದವನಾದ್ದರಿಂದ ಹೀಗೆ ತೋರುತ್ತಿರಬಹುದು. ಜಗಳೂರಿಗೆ ಹೆಚ್ಚು ದೂರವಲ್ಲದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈಹಚ್ಚಿದರು. ಸಂಗಡಿಗರೊಡನೆ ಸೇರಿ ಮಾಡಿದ ಇಡೀ ಬೈಬಲಿನ ಕನ್ನಡ ಅನುವಾದ 1831ರ ವೇಳೆಗೆ ಪೂರ್ಣವಾಯಿತು. ಆ ಸಂಗಡಿಗರಲ್ಲೊಬ್ಬರಾದ ವಿಲಿಯಂ ರೀವ್ ಕನ್ನಡಕ್ಕೆ ನಿಘಂಟನ್ನೂ ಕೊಟ್ಟರು.

ವಿಚಿತ್ರವೆಂದರೆ, ಇಂದಿನ ಪಂಚಾಶತ್ತಮದ ಆರಾಧನೆಯಲ್ಲಿ ಸುಗ್ಗಿಯ ನೆನಪು ಬಹುಮಟ್ಟಿಗೆ ಮರೆಯಾಗಿದೆ. ಪ್ರಥಮ ಫಲ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು, ಮೇರಿಮಾತೆಯ ಜನ್ಮದಿನದಂದು, ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಮೊಂತಿ ಹಬ್ಬವೆಂದು ಅದರ ಹೆಸರು. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಜೋಕಿಂ ಮಿರಾಂದ ಎಂಬ ಪಾದ್ರಿ ಆರಂಭಿಸಿದರೆನ್ನುತ್ತಾರೆ. ನಮ್ಮ ಜಿಲ್ಲೆಯ ಹರಿಹರದ ಆರೋಗ್ಯಮಾತೆಯ ಉತ್ಸವವೂ ಅದೇ ದಿನ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿಗಳನ್ನು ತಂದೊಪ್ಪಿಸಿ ಹರಾಜು ಹಾಕುವ ಸುಗ್ಗಿಹಬ್ಬ ಇಂಗ್ಲೆಂಡಿನ ಮಾದರಿಯದು. ಅಲ್ಲಿ ಅದು ಈಗಿನ ರೂಪದಲ್ಲಿ ಕಾರ್ನ್‌ವಾಲಿನ ಪಾದ್ರಿ ರಾಬರ್ಟ್ ಹಾಕರ್ ಅವರಿಂದ 1843ರಲ್ಲಿ ಮೊದಲಾಯಿತು.

ಚನ್ನಗಿರಿ, ಹೊನ್ನಾಳಿ, 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿ, ಮತ್ತು ಜಗಳೂರು, ಈ ನಾಲ್ಕು ಕಡೆಯೂ ಕ್ರೈಸ್ತರ ಸಂಖ್ಯೆ ಕಡಿಮೆ. ಈಸ್ಟರಿನಿಂದ ಎಣಿಸುವುದರಿಂದ ಪಂಚಾಶತ್ತಮ ಇಲ್ಲಿ ಮೇ ಅಥವಾ ಜೂನಿನಲ್ಲಿ ಬೀಳುತ್ತದೆ. 2025ರಲ್ಲಿ ಜೂನ್ 8ರಂದು ಬಂದಿತ್ತು, ಎರಡು ಮೂರು ದಿನ ಕಳೆದು ಕಾರಹುಣ್ಣಿಮೆ. ಆ ವೇಳೆಗೆ ನಾಲೆಯ ಬಯಲಿನಲ್ಲಿ ಬೇಸಿಗೆ ಭತ್ತದ ಕೊಯ್ಲು ಮುಗಿದೋ ಮುಗಿಯುತ್ತಲೋ ಇರುತ್ತದೆ, ರಸ್ತೆಯ ಅಂಚಿನಲ್ಲಿ ಕಾಳು ಒಣಗುತ್ತಿರುತ್ತದೆ. ಜಗಳೂರಿನಲ್ಲಿ ಹರಗಿಟ್ಟ ಹೊಲ ಖಾಲಿ. ಅಲ್ಲಿಯ ರೈತರು ಮೆಕ್ಕೆಜೋಳದ ಬೀಜ ತಂದಿಟ್ಟುಕೊಂಡು ಮಳೆಯ ದಾರಿ ಕಾಯುತ್ತಿರುತ್ತಾರೆ.