ಮಳೆಗಾಲಕ್ಕೆ ಮುಂಚಿನ ಡೋಸು: ಕಲಬುರಗಿಯ ಮಕ್ಕಳು ಮತ್ತು ಫ್ಲೂ ಲಸಿಕೆ

ಫ್ಲೂ ಲಸಿಕೆ ಮಕ್ಕಳನ್ನು ಎಷ್ಟರಮಟ್ಟಿಗೆ ಕಾಪಾಡುತ್ತದೆ ಎಂಬ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಹೇಳಲಾಗದು. ಯಾವ ವರ್ಷ, ಯಾವ ತಳಿ, ಯಾವ ತಿಂಗಳು ಎಂದು ಮೊದಲು ಕೇಳಬೇಕು. ಕಲಬುರಗಿಯ ಕೋಟನೂರ, ಕಮಲಾಪುರಗಳ ಮಟ್ಟಿಗೆ ಈ ಮೂರರಲ್ಲಿ ನಮ್ಮ ಕೈಯಲ್ಲಿರುವುದು ತಿಂಗಳು ಮಾತ್ರ.

ನಮ್ಮ ಪರಿಸ್ಥಿತಿಗೆ ಹತ್ತಿರವಾದ ಪುರಾವೆ ಸಿಗುವುದು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ. 2009ರ ಕೊನೆಯಿಂದ ಮೂರು ವರ್ಷ ಅಲ್ಲಿ 6 ತಿಂಗಳಿಂದ 10 ವರ್ಷದೊಳಗಿನ ಮಕ್ಕಳಿರುವ ಮನೆಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಒಂದು ಗುಂಪಿಗೆ ಫ್ಲೂ ಲಸಿಕೆ, ಇನ್ನೊಂದಕ್ಕೆ ಪೋಲಿಯೊ ಚುಚ್ಚುಮದ್ದು ಕೊಟ್ಟರು. ಮೊದಲ ವರ್ಷ ಸಿಕ್ಕ ರಕ್ಷಣೆ ಶೇ. 25.6, ಎರಡನೆಯ ವರ್ಷ ಶೇ. 41, ಮೂರನೆಯ ವರ್ಷ ಶೇ. 74.2. ಊರು ಅದೇ, ಲಸಿಕೆಯ ಬಗೆಯೂ ಅದೇ. ಫಲ ಮಾತ್ರ ಸುಮಾರು ಮೂರು ಪಟ್ಟು ಬೇರೆ. ಮೊದಲ ವರ್ಷ ದೇಶದ ತುಂಬ ಹರಡಿದ್ದ ಹೊಸ ಎಚ್1ಎನ್1 ತಳಿ ಆ ಲಸಿಕೆಯಲ್ಲಿ ಇರಲೇ ಇಲ್ಲ. ಶೇ. 25ನ್ನಷ್ಟೇ ಹಿಡಿದು ಲಸಿಕೆ ದಂಡ ಎನ್ನುವುದೂ, ಶೇ. 74ನ್ನಷ್ಟೇ ಹಿಡಿದು ಭರವಸೆ ಕೊಡುವುದೂ ತಾಯಂದಿರಿಗೆ ಮಾಡುವ ಅನ್ಯಾಯ.

‘ಲಸಿಕೆ ಹಾಕಿಸಿದ್ರೂ ನೆಗಡಿ ಬಂತಲ್ಲ’ ಎಂಬ ಮಾತಿಗೂ ಗೌರವದ ಉತ್ತರ ಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವಿಮರ್ಶೆಯಂತೆ, 2ರಿಂದ 16 ವರ್ಷದ ಆರೋಗ್ಯವಂತ ಮಕ್ಕಳಲ್ಲಿ ಚುಚ್ಚುಮದ್ದಿನ ಲಸಿಕೆಯಿಂದ ಖಚಿತ ಫ್ಲೂ ನೂರಕ್ಕೆ 30ರಿಂದ 11ಕ್ಕೆ ಇಳಿಯಿತು. ಫ್ಲೂವಿನಂತೆಯೇ ಕಾಣುವ ಜ್ವರ-ಕೆಮ್ಮು ಇಳಿದದ್ದು 28ರಿಂದ 20ಕ್ಕೆ ಮಾತ್ರ. ಇತರ ವೈರಸ್‌ಗಳ ಜ್ವರವನ್ನು ಈ ಲಸಿಕೆ ತಡೆಯದು. ಮನೆಯವರ ಕಣ್ಣಿಗೆ ಬೀಳುವುದು ಈ ಎರಡನೆಯ ಲೆಕ್ಕವೇ. ಅದೇ ವಿಮರ್ಶೆಯಲ್ಲಿ 2 ವರ್ಷದೊಳಗಿನ ಕೂಸುಗಳ ಮಾಹಿತಿ ತೀರಾ ಕಡಿಮೆ. ಅಪಾಯ ಹೆಚ್ಚಿರುವುದು ಅವರಿಗೇ ಎಂಬುದನ್ನು ನೆನೆದರೆ ಇದು ನೋವಿನ ಕೊರತೆ. ಆದರೆ ಸಾವಿನ ವಿಷಯದಲ್ಲಿ ಚಿತ್ರ ಗಟ್ಟಿಯಾಗಿದೆ: 2010ರಿಂದ 2014ರವರೆಗಿನ ಅಮೆರಿಕದ ಮಕ್ಕಳ ದಾಖಲೆಗಳಲ್ಲಿ ಫ್ಲೂ ಸಾವಿನ ವಿರುದ್ಧದ ರಕ್ಷಣೆ ಶೇ. 65.

ಲಸಿಕೆ ಪಡೆದ ಮಕ್ಕಳು ತಾವು ಉಳಿಯುವುದಲ್ಲದೆ ಮನೆಯವರನ್ನೂ ಉಳಿಸಬಲ್ಲರು. ಕೆನಡಾದ ಹಟರೈಟ್ ಸಮುದಾಯದ ವಸತಿಗಳಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಹಾಕಿದಾಗ, ಹಾಕಿಸಿಕೊಳ್ಳದವರಿಗೂ ಶೇ. 61 ರಕ್ಷಣೆ ದೊರೆಯಿತು. ಕಲಬುರಗಿಯ ವಸತಿನಿಲಯಗಳ ವಿಚಾರದಲ್ಲಿ ಇದನ್ನು ಮರೆಯಬಾರದು.

ಇನ್ನು ತಿಂಗಳ ಮಾತು. ಶ್ರೀನಗರದಲ್ಲಿ ಫ್ಲೂ ಚಳಿಗಾಲದ್ದು. ದೇಶದ ಬಹುಭಾಗದಲ್ಲಿ ಅದು ಮಳೆಯೊಡನೆ ಏರುತ್ತದೆ. ಲಸಿಕೆ ಹಾಕಿದ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸು. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಇದೆಲ್ಲ ಮುಗಿಯಬೇಕಾದರೆ ಮೊದಲ ಡೋಸು ಏಪ್ರಿಲ್‌ನಲ್ಲೇ ಬೀಳಬೇಕು. ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಾಲ ಅದು; ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಕಮಲಾಪುರದ ತಾಂಡಾಗಳಿಗೆ ಹೊರಟ ಲಸಿಕೆ ಪೆಟ್ಟಿಗೆಯಲ್ಲಿ ಐಸ್‌ಪ್ಯಾಕ್ ಪೂರ್ತಿ ಕರಗಬಾರದು. ಹಾಗೆಂದು ಲಸಿಕೆ ಹೆಪ್ಪುಗಟ್ಟಲೂಬಾರದು. ಅದೇ ಹೊತ್ತಿಗೆ ಶಾಲೆಗೆ ರಜೆ, ಮಕ್ಕಳು ಅಜ್ಜಿಯ ಊರಲ್ಲಿ, ಇಲ್ಲವೇ ದುಡಿಯಲು ಹೋದ ಅಪ್ಪ-ಅಮ್ಮನ ಜತೆ ಪುಣೆ, ಹೈದರಾಬಾದಿನಲ್ಲಿ. ಶಾಲಾ ಶಿಬಿರ ನಂಬಿ ಕೂತರೆ ಕೆಲಸ ಆಗದು. ಭಾರತೀಯ ಶಿಶುವೈದ್ಯರ ಸಂಘ 6 ತಿಂಗಳಿಂದ 5 ವರ್ಷದವರೆಗೆ ಪ್ರತಿವರ್ಷ ಈ ಲಸಿಕೆಯನ್ನು ಶಿಫಾರಸು ಮಾಡುತ್ತದೆ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮಾತ್ರ ಇದಿಲ್ಲ. ಕೂಲಿಯವರ ಮನೆಗೆ ಅದು ಬಿಡಿಯಾಗಿ ಹಣ ಕೊಟ್ಟು ಕೊಳ್ಳುವ ವಸ್ತು.

ನಮ್ಮ ಜಿಲ್ಲೆಯದೇ ಅಂಕಿ ಪಡೆಯಲು ದಾರಿ ಇದೆ. 2020ರ ಮಾರ್ಚಿನಲ್ಲಿ ಆದ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವ್ಯಕ್ತಿಯದೇ. ಗಂಟಲ ದ್ರವದ ಆರ್‌ಟಿ-ಪಿಸಿಆರ್ ಪರೀಕ್ಷೆ ಆಮೇಲೆ ಜಿಲ್ಲೆಗೆ ಹೊಸದಾಗಿ ಉಳಿಯಲಿಲ್ಲ. ಅದೇ ವಿಧಾನ ಫ್ಲೂವನ್ನೂ ಗುರುತಿಸುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಜ್ವರದಿಂದ ಆಸ್ಪತ್ರೆಗೆ ಬಂದ ಮಕ್ಕಳ ಪೈಕಿ ಫ್ಲೂ ಇದ್ದವರಲ್ಲಿ ಎಷ್ಟು ಮಂದಿ ಲಸಿಕೆ ಪಡೆದಿದ್ದರು, ಇಲ್ಲದವರಲ್ಲಿ ಎಷ್ಟು ಮಂದಿ ಪಡೆದಿದ್ದರು ಎಂದು ಹೋಲಿಸಿದರೆ ನಮ್ಮದೇ ಅಂಕಿ ಸಿಗುತ್ತದೆ. ಅದಕ್ಕೆ ಮೊದಲು ಬೇಕಾದದ್ದು ತಾಯಿ ಕಾರ್ಡಿನಲ್ಲಿ ಫ್ಲೂ ಲಸಿಕೆಯ ತಾರೀಖು ಬರೆಯಲು ಒಂದು ಸಾಲು.