ಸಸಿಮಡಿ: ಕೊಡಗಿನ ಸಾವಯವ ಪದ್ಧತಿ

ಬೀಜ ಬಿತ್ತಿ, ಮೊಳಕೆಯನ್ನು ನೆಡುವ ಹದಕ್ಕೆ ಬರುವವರೆಗೆ ಸಾಕಲು ನೆಲಮಟ್ಟದಿಂದ ಸುಮಾರು ಒಂದು ಗೇಣು ಎತ್ತರಿಸಿ ಕಟ್ಟಿದ ಪಾತಿಯೇ ಸಸಿಮಡಿ. ಕೊಡಗಿನಲ್ಲಿ ತೋಟವೆಂದರೆ ಮರದ ನೆರಳಿನ ಕಾಫಿ, ನಡುನಡುವೆ ಕಿತ್ತಳೆ, ತೇವದ ತಗ್ಗಿನಲ್ಲಿ ಏಲಕ್ಕಿ, ಮರಕ್ಕೆ ಹಬ್ಬಿದ ಕರಿಮೆಣಸು. ಕರಿಮೆಣಸನ್ನು ಬಳ್ಳಿಯ ತುಂಡಿನಿಂದ ಎಬ್ಬಿಸುತ್ತಾರೆ. ಉಳಿದ ಮೂರಕ್ಕೆ ಬೀಜವೇ ಹಳೆಯ ದಾರಿ. ರಾಸಾಯನಿಕ ಗೊಬ್ಬರವನ್ನೂ ಕೀಟ, ಶಿಲೀಂಧ್ರಗಳ ಕೃತಕ ವಿಷವನ್ನೂ ಬಳಸದೆ ಸಸಿ ಬೆಳೆಸುವುದು ಸಾವಯವ ಸಸಿಮಡಿ.

ಹಿನ್ನೆಲೆ

ಕೊಡಗಿನ ಭೂಹಿಡುವಳಿಯಲ್ಲಿ ಗದ್ದೆಗೆ ಬಾಣೆ ಸೇರಿಕೊಂಡೇ ಇರುತ್ತಿತ್ತು. ಸೊಪ್ಪು, ಸೌದೆ, ದನದ ಮೇವಿಗೆಂದು ಬಿಟ್ಟ ಈ ಕಾಡುಜಾಗದ ತರಗೆಲೆ ಕೊಟ್ಟಿಗೆಗೆ ಬಂದು, ಸಗಣಿಯೊಡನೆ ಕೊಳೆತು ಗೊಬ್ಬರವಾಗುತ್ತಿತ್ತು. ಇಂದಿನ ಸಾವಯವ ಸಸಿಮಡಿಯ ಮೂಲ ಸಾಮಗ್ರಿಯೂ ಅದೇ: ಕಾಡುಮಣ್ಣು, ಕೊಳೆತ ಎಲೆ, ಕೊಟ್ಟಿಗೆ ಗೊಬ್ಬರ, ಸೌದೆಯ ಬೂದಿ.

ಕಾಫಿ ಬೀಜದ ಚರಿತ್ರೆ

ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದದ್ದು 1854ರಲ್ಲಿ, ಜಾನ್ ಫೌಲರ್ ಕೈಯಿಂದ. ಅದಕ್ಕೆ ಮೊದಲೇ ನಾಲ್ಕುನಾಡಿನ ಸುತ್ತ ಮಾಪಿಳ್ಳೆಯರು ಕಾಫಿ ಬೆಳೆಸಿದ್ದರೆಂದು ಹೇಳುವುದುಂಟು. ಆಗ ದಕ್ಷಿಣ ಭಾರತದಲ್ಲಿ ಹಬ್ಬಿದ್ದ ತಳಿ ‘ಚಿಕ್’. 1860ರ ದಶಕದಲ್ಲಿ ಬಿಳಿ ಕಾಂಡಕೊರಕ, ಅದರ ಹಿಂದೆಯೇ ಎಲೆತುಕ್ಕು ರೋಗ ಬಂದು ಈ ತಳಿಯನ್ನು ನೆಲಕಚ್ಚಿಸಿದವು. ಬೆಳೆಗಾರರು ಕೊಡಗಿನ ತೋಟಗಳಿಂದ ಬೀಜ ತರಿಸಿದರು; ಆ ತಳಿಗೆ ‘ಕೂರ್ಗ್’ ಎಂದೇ ಹೆಸರಾಯಿತು. ಕ್ರಮೇಣ ಅದೂ ತುಕ್ಕಿಗೆ ಮಣಿಯಿತು. ಮೈಸೂರು ಸೀಮೆಯ ಪ್ಲಾಂಟರ್ ಕೆಂಟ್ 1911ರ ಸುಮಾರಿಗೆ ತಮ್ಮ ತೋಟದಲ್ಲಿ ಗುರುತಿಸಿದ ಗಿಡದ ಸಂತತಿ ‘ಕೆಂಟ್ಸ್’ ಅದರ ಜಾಗ ಹಿಡಿಯಿತು. ತುಕ್ಕಿನ ಹೊಸ ಪ್ರಭೇದ ಅದನ್ನೂ ಬಿಡಲಿಲ್ಲ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಈ ಸರಪಳಿಯನ್ನು ಬೇರೆ ದಿಕ್ಕಿಗೆ ತಿರುಗಿಸಿತು. ಅರೇಬಿಕಾ ಮತ್ತು ಲಿಬೆರಿಕಾ ತಾನಾಗಿ ಬೆರೆತು ಹುಟ್ಟಿದ ಗಿಡದ ಸಂತತಿಯಾದ ಎಸ್.288ನ್ನು ಕೆಂಟ್ಸ್ ಜೊತೆ ಕೂಡಿಸಿ, 1940ರ ದಶಕದಲ್ಲಿ ಎಸ್.795 ತಳಿಯನ್ನು ಬೆಳೆಗಾರರಿಗೆ ಕೊಟ್ಟಿತು. ಅದು ಇಂದಿಗೂ ತೋಟಗಳಲ್ಲಿದೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಬಂದದ್ದು 1946ರಲ್ಲಿ. ಗಿಡ್ಡ ತಳಿ ‘ಚಂದ್ರಗಿರಿ’ ಬಿಡುಗಡೆಯಾದದ್ದು 2007ರಲ್ಲಿ.

ತಳಿಯೊಂದು ಹೀಗೆ ಬೀಜದ ಮೂಲಕವೇ ಊರಿಂದೂರಿಗೆ ಹೋಗಲು ಅರೇಬಿಕಾದ ಸ್ವಭಾವ ಕಾರಣ. ಅದು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಬೀಜದ ಸಸಿ ತಾಯಿಗಿಡವನ್ನು ಹೋಲುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಒಂದೇ ರೋಬಸ್ಟಾ ಗಿಡದಿಂದ ಆರಿಸಿದ ಬೀಜವೂ ಬಗೆಬಗೆಯ ಸಸಿ ಕೊಡುತ್ತದೆ.

ಕಾಫಿ ಸಸಿಮಡಿ

ರೋಗವಿಲ್ಲದ, ಒಳ್ಳೆಯ ಫಸಲಿನ ಗಿಡದಿಂದ ಪೂರ್ತಿ ಹಣ್ಣಾದ ಕಾಯಿಗಳನ್ನಷ್ಟೇ ಕೊಯ್ದು, ಕೈಯಲ್ಲಿ ಹಿಸುಕಿ ಸಿಪ್ಪೆ ಬಿಡಿಸುತ್ತಾರೆ. ಅಂಟಂಟಾದ ಬೀಜಕ್ಕೆ ಜರಡಿಯಾಡಿದ ಸೌದೆಬೂದಿ ಬೆರೆಸಿ, ನೆರಳಿನಲ್ಲಿ ತೆಳ್ಳಗೆ ಹರಡುತ್ತಾರೆ. ಬಿಸಿಲಿಗೆ ಹಾಕಿದರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಕಾಫಿ ಬೀಜ ರಾಗಿ, ಭತ್ತದಂತೆ ವರ್ಷಗಟ್ಟಲೆ ಕಾಯುವಂಥದ್ದಲ್ಲ; ಕೆಲವೇ ತಿಂಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಕೊಯ್ದ ಹಂಗಾಮಿನಲ್ಲೇ, ಡಿಸೆಂಬರ್-ಜನವರಿಯಲ್ಲಿ ಬಿತ್ತುವುದು ಅದಕ್ಕೇ.

ಪಾತಿಯ ಅಗಲ ಸುಮಾರು ಒಂದು ಮೀಟರ್; ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ಸ್ವಲ್ಪ ಸುಣ್ಣ, ಶಿಲಾರಂಜಕ ಬೆರೆಸುತ್ತಾರೆ. ಬೀಜದ ಚಪ್ಪಟೆ ಮೈ ಕೆಳಗೆ ಬರುವಂತೆ ಸಾಲಾಗಿ ಇಟ್ಟು, ನಯವಾದ ಮಣ್ಣು ಉದುರಿಸಿ, ಭತ್ತದ ಹುಲ್ಲು ಹೊದಿಸುತ್ತಾರೆ. ಮೇಲೆ ಚಪ್ಪರ, ದಿನಾ ತೆಳುವಾಗಿ ನೀರು. ಸುಮಾರು 45 ದಿನಕ್ಕೆ ಮೊಳಕೆ ಬೀಜವನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತದೆ. ಇದು ‘ಟೋಪಿ’ ಹಂತ. ತಾಯಿಬೇರು ಉದ್ದವಾಗಿ ಸೊಟ್ಟಗಾಗುವ ಮುನ್ನ, ಈಗಲೇ ಚೀಲಕ್ಕೆ ದಾಟಿಸುವುದು ಕ್ಷೇಮ. ಚೀಲಕ್ಕೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು.

ಮಡಿಯ ದೊಡ್ಡ ಶತ್ರು ಬುಡಕೊಳೆ. ನೀರು ನಿಂತರೆ, ನೆರಳು ದಟ್ಟವಾದರೆ, ಸಸಿ ಒತ್ತಾಗಿದ್ದರೆ ಶಿಲೀಂಧ್ರ ಕಾಂಡದ ಬುಡವನ್ನೇ ತಿನ್ನುತ್ತದೆ. ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೆಳೆಸಿದ ಗೊಬ್ಬರ ನೆರವಾಗುತ್ತದೆ, ಆದರೆ ನೀರು ಬಸಿಯದ ಪಾತಿಯನ್ನು ಅದೊಂದೇ ಉಳಿಸಲಾರದು. ಚಪ್ಪರವನ್ನು ಒಮ್ಮೆಗೇ ಕಿತ್ತರೆ ಬಿಸಿಲಿಗೆ ಎಲೆಯಲ್ಲಿ ಕಂದು ಕಣ್ಣುಚುಕ್ಕೆ ಮೂಡುತ್ತದೆ. ನೆರಳನ್ನು ಹಂತಹಂತವಾಗಿ ತೆಳುಗೊಳಿಸಬೇಕು.

ಕಿತ್ತಳೆ ಮತ್ತು ಏಲಕ್ಕಿ

ಭೌಗೋಳಿಕ ಸೂಚಕ ಪಡೆದ ಕೊಡಗಿನ ಕಿತ್ತಳೆಯ ಒಂದೇ ಬೀಜದಿಂದ ಎರಡು-ಮೂರು ಸಸಿ ಏಳುವುದುಂಟು. ಇವುಗಳಲ್ಲಿ ಹೆಚ್ಚಿನವು ಪರಾಗದ ಪಾತ್ರವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಗುಣದಲ್ಲಿ ತಾಯಿಮರದ ಪಡಿಯಚ್ಚು. ಮಡಿಯಲ್ಲಿ ತೀರ ಕುಳ್ಳಾದ, ತೀರ ಎತ್ತರವಾದ ಸಸಿಗಳನ್ನು ಕಿತ್ತು, ಸಮನಾಗಿ ಬೆಳೆದ ಈ ಪಡಿಯಚ್ಚುಗಳನ್ನು ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ. ಕೊಡಗಿನ ಕಿತ್ತಳೆಯನ್ನು ಕ್ಷೀಣಗೊಳಿಸಿದ ಟ್ರಿಸ್ಟೆಜಾ ನಂಜುರೋಗ ಮತ್ತು ಗ್ರೀನಿಂಗ್ ರೋಗ ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ. ಹಾಗಾಗಿ ಬೀಜದ ಸಸಿ ಶುದ್ಧ ಆರಂಭ. ಆದರೆ ತೋಟಕ್ಕೆ ಬಂದ ಮೇಲೆ ಗಿಡಹೇನು, ಸಿಲ್ಲಿಡ್ ಕೀಟಗಳಿಂದ ರೋಗ ತಗಲಬಹುದು. ಕಸಿ ಗಿಡಕ್ಕಿಂತ ಫಲವೂ ತಡ.

ಏಲಕ್ಕಿಯ ‘ಕಟ್ಟೆ’ ಎಂಬ ನಂಜುರೋಗವೂ ಬೀಜದಿಂದ ಬರುವುದಿಲ್ಲ, ರೋಗದ ಬುಡದಿಂದ ಒಡೆದ ಕಂದಿನ ಮೂಲಕ ಬರುತ್ತದೆ. ಹೇನು ಅದನ್ನು ಹರಡುತ್ತದೆ. ಆದ್ದರಿಂದ ಏಲಕ್ಕಿ ಮಡಿಯನ್ನು ಹಳೆಯ ಏಲಕ್ಕಿ ತೋಟದಿಂದ ದೂರ ಮಾಡಬೇಕು. ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರ 1961ರಿಂದ ಈ ಬೆಳೆಯ ಮೇಲೆ ದುಡಿಯುತ್ತಿದೆ.

ಹಿತ್ತಲು

ಸೌತೆ, ಕುಂಬಳ, ಹೀರೆಯ ಬೀಜವನ್ನು ಮುಂಗಾರಿಗೆ ಮೊದಲು ಬೀಳುವ ಮಳೆಯ ಹದದಲ್ಲಿ ನೇರ ಗುಣಿಗೇ ಹಾಕುತ್ತಾರೆ. ಬದನೆ, ಮೆಣಸಿನಕಾಯಿಗೆ ಸಣ್ಣ ಮಡಿ ಬೇಕು. ಕೊಡವರು ಪರಂಗಿಮಾಳು ಎನ್ನುವ ಸೂಜಿಮೆಣಸನ್ನು ಹಕ್ಕಿಗಳೇ ಬಿತ್ತುತ್ತವೆ.

ನಿಯಮ ಮತ್ತು ಮಹತ್ವ

ಕರ್ನಾಟಕ 2004ರಲ್ಲಿ ಸಾವಯವ ಕೃಷಿ ನೀತಿ ತಂದಿತು. ಪ್ರಮಾಣಪತ್ರ ಬಯಸುವ ತೋಟ ಸಾವಯವವಾಗಿ ಬೆಳೆದ ಬೀಜ, ಸಸಿಯನ್ನೇ ಬಳಸಬೇಕು; ಅದು ಸಿಗದಿದ್ದರೆ ರಾಸಾಯನಿಕ ಉಪಚಾರವಿಲ್ಲದ ಬೀಜ.

ಹೂ, ತರಕಾರಿಯ ಮಡಿಯಲ್ಲಿ ಆದ ತಪ್ಪು ಒಂದು ಹಂಗಾಮಿನಲ್ಲಿ ಮುಗಿದುಹೋಗುತ್ತದೆ. ಕಾಫಿ ಸಸಿ ನೆಟ್ಟ ಮೂರು-ನಾಲ್ಕು ವರ್ಷಕ್ಕೆ ಮೊದಲ ಫಸಲು ಕೊಟ್ಟು, ಮುಂದೆ ಹಲವು ದಶಕ ತೋಟದಲ್ಲಿ ನಿಲ್ಲುತ್ತದೆ. ಸೊಟ್ಟ ಬೇರಿನ ಸಸಿಯನ್ನು ಆಮೇಲೆ ಯಾವ ಗೊಬ್ಬರವೂ ಸರಿಪಡಿಸದು. ಅದನ್ನು ಮಡಿಯಲ್ಲೇ ಕಿತ್ತುಹಾಕಬೇಕು.